ಕೇಳದೆ ಬದಲಾಗದ ಡೆಸ್ಕ್‌ಟಾಪ್

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿಯಾದ 'ಸ್ಟೇಬಲ್‌'ನಲ್ಲಿ ಇರುವುದೆಲ್ಲ ಹಳೆಯದು ಎಂಬ ದೂರು ನಿಜವೇ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಗ್ನೋಮ್ ಡೆಸ್ಕ್‌ಟಾಪ್‌ನ 43ನೇ ಆವೃತ್ತಿ ಇತ್ತು. 2025ರ ಆಗಸ್ಟ್‌ನಲ್ಲಿ 13 ಬಂದಾಗಲೂ 12ರಲ್ಲಿ ಇದ್ದದ್ದು 43ರ ಸರಣಿಯೇ. ನಡುವಿನ ಎರಡು ವರ್ಷ ಮೆನುಗಳು ಇದ್ದಲ್ಲೇ ಇದ್ದವು. ಭದ್ರತಾ ದೋಷ ಸಿಕ್ಕರೆ ಅದರ ತಿದ್ದುಪಡಿಯನ್ನಷ್ಟೇ ಹಳೆಯ ಆವೃತ್ತಿಗೆ ಸೇರಿಸಿ ಕೊಡುತ್ತಾರೆ. ಫೈರ್‌ಫಾಕ್ಸ್, ಕ್ರೋಮಿಯಂ ಮಾತ್ರ ಹೊಸ ಆವೃತ್ತಿಗೆ ಹೋಗುತ್ತವೆ. ಬ್ರೌಸರ್‌ಗೆ ಹಾಗೆ ತೇಪೆ ಹಾಕುತ್ತಾ ಹೋಗುವುದು ಆಗುವ ಕೆಲಸವಲ್ಲ. ದಿನವಿಡೀ ಕೆಲಸಕ್ಕೆ ಕೂರುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುವುದಿಲ್ಲ.

ಇದು ಕೆಡುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ. ಯಾವುದೋ ಒಂದು ಹೊಸ ಪ್ರೋಗ್ರಾಂ ಬೇಕೆಂದು, ಪ್ಯಾಕೇಜ್‌ಗಳನ್ನು ಹಾಕುವ ಸಾಧನ ಆಪ್ಟ್ ಅವನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ, ಇನ್ನೂ ಸಿದ್ಧವಾಗುತ್ತಿರುವ ಡೆಬಿಯನ್ ಶಾಖೆಗಳಾದ ಟೆಸ್ಟಿಂಗ್ ಅಥವಾ ಸಿಡ್‌ನ ಸಾಲು ಸೇರಿಸುತ್ತಾರೆ. ಆ ಪ್ರೋಗ್ರಾಂ ಹೊಸ ಗ್ಲಿಬ್‌ಸಿ (ಮೂಲ ಸಿ ಲೈಬ್ರರಿ) ಜೊತೆ ಕಂಪೈಲ್ ಆಗಿರುತ್ತದೆ, ಹಾಗಾಗಿ ಅದನ್ನೂ ಎಳೆದು ತರುತ್ತದೆ. ಗ್ಲಿಬ್‌ಸಿ ಮೇಲೆ ಹೆಚ್ಚುಕಡಿಮೆ ಇಡೀ ವ್ಯವಸ್ಥೆ ನಿಂತಿದೆ. ಒಮ್ಮೆ ಮೇಲೇರಿಸಿದರೆ ಕೆಳಗಿಳಿಸಲು ಡೆಬಿಯನ್‌ನಲ್ಲಿ ಅಧಿಕೃತ ದಾರಿಯಿಲ್ಲ. ಬದಲಿಗೆ ಮೊದಲು ಹೊಸ ಆವೃತ್ತಿಗಳನ್ನು ಕೊಡುವ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಭಂಡಾರ ನೋಡಿ. ಅಲ್ಲಿನವು ಸ್ಟೇಬಲ್‌ಗಾಗಿಯೇ ಕಂಪೈಲ್ ಆದವು, ಆಪ್ಟ್‌ನಲ್ಲಿ ಅವುಗಳ ಆದ್ಯತೆ ಕಡಿಮೆ (100) ಇರುವುದರಿಂದ ನೀವು ಹೆಸರಿಟ್ಟು ಕೇಳದೆ ಒಳಬರುವುದಿಲ್ಲ. ಅಲ್ಲಿಯೂ ಇಲ್ಲವೆಂದರೆ ಫ್ಲಾಟ್‌ಪ್ಯಾಕ್ ಎಂಬ ಪ್ರತ್ಯೇಕ ಪ್ಯಾಕೇಜ್ ರೂಪ. ಡಿಸ್ಕ್‌ನಲ್ಲಿ ಜಾಗ ತಿನ್ನುತ್ತದೆ, ಆದರೆ ತನ್ನ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ.

ಸೋರ್ಸಸ್ ಪಟ್ಟಿಯಲ್ಲಿ 'ಸ್ಟೇಬಲ್' ಎಂದು ಬರೆಯಬೇಡಿ, 'ಟ್ರಿಕ್ಸಿ' ಎಂದು ಆವೃತ್ತಿಯ (ಡೆಬಿಯನ್ 13ರ) ಹೆಸರನ್ನೇ ಬರೆಯಿರಿ. 'ಸ್ಟೇಬಲ್' ಎಂಬ ಹೆಸರು ಮುಂದಿನ ಬಿಡುಗಡೆಯ ದಿನ ಹೊಸ ಆವೃತ್ತಿಯತ್ತ ತಿರುಗುತ್ತದೆ. ಕೋಡ್‌ನೇಮ್ ಬದಲಾಗಿದೆ, ಒಪ್ಪಿಗೆಯೇ ಎಂದು ಆಪ್ಟ್ ಕೇಳುತ್ತದೆ. ಓದದೆ 'ವೈ' ಒತ್ತಿದರೆ ಆಮೇಲಿನ ಅಪ್‌ಗ್ರೇಡ್ ವ್ಯವಸ್ಥೆಯನ್ನು ಅರ್ಧ ಬದಲಿಸಿ ಅಲ್ಲೇ ನಿಲ್ಲಬಹುದು.

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಮತ್ತು ಅದರ ಡ್ರೈವರ್ ಇದ್ದರೆ ಲಿನಕ್ಸ್-ಹೆಡರ್ಸ್-ಎಎಂಡಿ64 ಮೆಟಾಪ್ಯಾಕೇಜ್ ಕಡ್ಡಾಯವಾಗಿ ಇರಲಿ. ಅದಿಲ್ಲದೆ ಕರ್ನೆಲ್ ಬದಲಾದರೆ, ಡ್ರೈವರ್‌ನ ಮಾಡ್ಯೂಲ್‌ಗಳನ್ನು ಹೊಸ ಕರ್ನೆಲ್‌ಗೆ ಕಟ್ಟಿಕೊಡುವ ಡಿಕೆಎಂಎಸ್‌ಗೆ ಹೊಸ ಮಾಡ್ಯೂಲ್ ಕಟ್ಟಲಾಗದು, ರೀಬೂಟ್ ಆದಾಗ ಕಪ್ಪು ಪರದೆ. ಆಗ ಬೂಟ್ ಮೆನು ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್'ನಿಂದ ಹಳೆಯ ಕರ್ನೆಲ್ ಆರಿಸಿ ಒಳಹೋಗಿ, ಹೆಡರ್ಸ್ ಹಾಕಿಕೊಳ್ಳಿ.

ಒಂದು ಪ್ಯಾಕೇಜನ್ನು ಇದ್ದ ಆವೃತ್ತಿಯಲ್ಲೇ ನಿಲ್ಲಿಸಲು ಆಪ್ಟ್-ಮಾರ್ಕ್ ಹೋಲ್ಡ್ ಸಾಕು. ಆದರೆ ಅದು ಭದ್ರತಾ ತಿದ್ದುಪಡಿಯನ್ನೂ ತಡೆಯುತ್ತದೆ. ತಿಂಗಳಿಗೊಮ್ಮೆ ಆಪ್ಟ್-ಮಾರ್ಕ್ ಶೋಹೋಲ್ಡ್ ಓಡಿಸಿ, ಮರೆತದ್ದೇನಾದರೂ ಇದ್ದರೆ ಬಿಡಿಸಿ.

ಅಪ್‌ಗ್ರೇಡ್‌ಗೆ ಮುಂಚೆ ಆಪ್ಟ್ ತೋರಿಸುವ ಪಟ್ಟಿಯಲ್ಲಿ ತೆಗೆದುಹಾಕಲಿರುವ ಪ್ಯಾಕೇಜ್‌ಗಳ ಸಾಲನ್ನು ತಪ್ಪದೆ ಓದಿ. ಅಲ್ಲಿ ನಿಮ್ಮ ಡೆಸ್ಕ್‌ಟಾಪ್‌ನ ಹೆಸರು ಕಂಡರೆ 'ಎನ್' ಒತ್ತಿ, ಕಾರಣ ಹುಡುಕಿ. ಹಿಂದೆ ಏನೇನು ಬದಲಾಗಿದೆ ಎಂಬುದು ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ ದಿನಾಂಕ ಸಮೇತ ಸಿಗುತ್ತದೆ.