ಬೀದರಿನ ಮಳೆ, ನೌಬಾದಿನ ಸುರಂಗ

ಬೀದರ್, 27 ಜುಲೈ 2025, ಭಾನುವಾರ ರಾತ್ರಿ

ಶುಕ್ರವಾರ ರಾತ್ರಿ ಹಿಡಿದ ಮಳೆ ಇವತ್ತು ಸಂಜೆಯವರೆಗೂ ಬಿಡಲಿಲ್ಲ. ವಿಟ್ಲದ ಕಡೆಯವಳಾದ ನನಗೆ ಮಳೆ ಹೊಸತಲ್ಲ. ನಮ್ಮೂರಲ್ಲಿ ಜುಲೈ ಒಂದೇ ತಿಂಗಳು ಸುರಿಯುವಷ್ಟು ಮಳೆ ಬೀದರಿಗೆ ಇಡೀ ವರ್ಷದಲ್ಲಿ ಬೀಳುವುದಿಲ್ಲ. ಆದರೆ ಮಳೆ ಬಂತೆಂದರೆ ಜನರ ಮುಖ ಇಷ್ಟು ಅರಳುವುದನ್ನು ನಾನು ಕಂಡದ್ದು ಪಶುವೈದ್ಯಕೀಯ ಓದಲು ಇಲ್ಲಿಗೆ ಬಂದ ಮೇಲೆಯೇ.

ಕೋಣೆಯ ಗೆಳತಿ ಔರಾದ್ ತಾಲ್ಲೂಕಿನವಳು. ಶನಿವಾರ ಬೆಳಗ್ಗೆ ಎದ್ದವಳೇ ಮನೆಗೆ ಫೋನ್ ಹಚ್ಚಿ, "ಅಪ್ಪಾ, ಹೊಲಕ್ಕೆ ಸಾಕಾಗುವಷ್ಟು ಬಿತ್ತಾ?" ಎಂದು ಕೇಳಿದಳು. ಉದ್ದು, ಸೋಯಾ, ತೊಗರಿ ಮೂರೂ ಹೊಲದಲ್ಲಿವೆ, ಎಲ್ಲಕ್ಕೂ ಈಗಲೇ ನೀರು ಬೇಕು. ಅದೇ ಹೊತ್ತಿಗೆ ಇತ್ತ ನನ್ನ ಅಪ್ಪ, "ಎರಡು ದಿನ ಹೊಳವಾದರೆ ಸಾಕಿತ್ತು ಮಗಳೇ, ಅಡಿಕೆಗೆ ಎರಡನೇ ಸಲದ ಬೋರ್ಡೋ ಮದ್ದು ಹೊಡೆದು ಮುಗಿಸುತ್ತಿದ್ದೆ" ಎನ್ನುತ್ತಿದ್ದರು. ಕೊಳೆರೋಗ ಬಂದರೆ ವರ್ಷದ ಫಸಲು ಉದುರಿ ಹೋಗುತ್ತದೆ. ಒಂದೇ ಕೋಣೆಯಲ್ಲಿ ಒಬ್ಬಳು ಮಳೆ ಬಾರಲಿ ಎಂದು, ಇನ್ನೊಬ್ಬಳು ಬಿಡಲಿ ಎಂದು ಬೇಡಿಕೊಂಡೆವು. ಇಬ್ಬರ ಮಾತೂ ಅವರವರ ಊರಿನಲ್ಲಿ ನಡೆಯಲಿ.

ಮಧ್ಯಾಹ್ನದ ಮೇಲೆ ಕೊಡೆ ಹಿಡಿದು ಹಳೆಯ ಊರಿಗೆ ಹೋದೆವು. ಚೌಬಾರಾದ ಹತ್ತಿರ ಮಿರ್ಚಿ ಭಜಿಯ ಬಾಣಲೆಯ ಸುತ್ತ ಜನ ಮುತ್ತಿದ್ದರು. ನಾವೂ ನಿಂತು ತಿಂದೆವು, ಎರಡೆರಡು ಚಹಾ ಕುಡಿದೆವು. ಬಿದ್ರಿ ಕೆಲಸದ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತಿದ್ದರು. ಸತು ಮತ್ತು ತಾಮ್ರದ ಹೂಜಿ ಇನ್ನೂ ಬೂದು ಬಣ್ಣದ್ದು. ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಕುದಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. "ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಆಗಬೇಕು ಬೇಟಿ, ನಾಲಿಗೆಗೆ ಹಚ್ಚಿ ನೋಡಿಯೇ ತರುತ್ತೇವೆ" ಎಂದರು.

ಅಲ್ಲಿಂದ ಮಹಮೂದ್ ಗವಾನ್ ಮದರಸಾ. ಬಿಸಿಲಲ್ಲಿ ಧೂಳು ಹಿಡಿದು ಮಂಕಾಗಿ ಕಾಣುತ್ತಿದ್ದ ನೀಲಿ, ಹಸಿರು ಹೆಂಚುಗಳನ್ನು ಮಳೆ ತೊಳೆದಿತ್ತು. ಉಳಿದಿರುವ ಒಂದೇ ಮಿನಾರಿನ ಮೇಲಿನ ಅಂಕುಡೊಂಕು ಪಟ್ಟಿಗಳು ನಿನ್ನೆ ಮೊದಲ ಬಾರಿಗೆ ನನಗೆ ಸ್ಪಷ್ಟವಾಗಿ ಕಂಡವು. ಗವಾನ್ ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಇದನ್ನು ಕಟ್ಟಿಸಿದ. ಮುಂದೆ ಮೊಗಲರ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡವೇ ಹೋಯಿತು. ವಿದ್ಯಾರ್ಥಿಗಳು ಉಳಿಯುತ್ತಿದ್ದ ಕೋಣೆಯೊಂದರ ಬಾಗಿಲಲ್ಲಿ ಮಳೆಗೆ ನಿಂತಿದ್ದಾಗ, ಕಡಲು ದಾಟಿ ಇಲ್ಲಿಗೆ ಬಂದವರು ಈ ಊರಿನ ಮೊದಲ ಮಳೆಗಾಲವನ್ನು ಹೇಗೆ ಕಳೆದರೋ ಎನ್ನಿಸಿತು. ನಾನು ರಾಜ್ಯದ ಇನ್ನೊಂದು ತುದಿಯಿಂದ ಬಂದವಳು ಅಷ್ಟೇ, ಮಾತು ನನ್ನದೇ. ಅವರಿಗೆ ಮಾತೂ ಹೊಸದು, ಊಟವೂ ಹೊಸದು.

ಇವತ್ತಿನದು ಬೇರೆಯೇ ಸಂತೋಷ. ನೌಬಾದಿಗೆ ಹೋಗಿ ಕರೇಜ್ ನೋಡಿದೆ. ಸುರಂಗ ಬಾವಿ ಎಂದೂ ಹೇಳುತ್ತಾರೆ. ಹದಿನೈದನೆಯ ಶತಮಾನದ್ದು, ಎರಡು ಕಿಲೋಮೀಟರಿಗೂ ಉದ್ದ. ನೆಲದಡಿಯ ಕಾಲುವೆ, ಅದರ ಮೇಲೆ ಸಾಲಾಗಿ ಗಾಳಿ ಬಾವಿಗಳು. ಕಲೆ ಇರಾನಿನದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲು. ಇಡೀ ಬೀದರ್ ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ನಮ್ಮ ಮನೆಯ ಗೋಡೆಯದೂ ಅದೇ ಕೆಂಪುಕಲ್ಲು, ಅದೇ ತೂತುಗಳು. ಮಳೆಯ ನೀರು ಆ ತೂತುಗಳಲ್ಲಿ ಇಳಿಯುತ್ತಾ ಹೋಗಿ, ಕೆಳಗೆ ಜೇಡಿ ಮಣ್ಣು, ಕಪ್ಪು ಬಸಾಲ್ಟ್ ಸಿಕ್ಕಿದಲ್ಲಿ ನಿಂತು, ಪಕ್ಕಕ್ಕೆ ಹರಿಯುತ್ತದೆ. ಇಲ್ಲಿಯ ಝರಣಿ ನರಸಿಂಹ, ಪಾಪನಾಶ, ನಾನಕ್ ಝೀರಾ ಎಲ್ಲ ಕಡೆ ಚಿಮ್ಮುವುದು ಇದೇ ನೀರು. ಕರೇಜ್ ತೋಡಿದವರು ಅದರ ಜಾಡು ಹಿಡಿದಿದ್ದಾರೆ.

ನಮ್ಮ ತೋಟದ ಹಿಂದಿನ ಗುಡ್ಡದಲ್ಲೂ ಸುರಂಗವಿದೆ. ಒಬ್ಬರು ನಡೆಯುವಷ್ಟು ಅಗಲ. ಅಜ್ಜನ ಕಾಲದಲ್ಲಿ ಪಿಕ್ಕಾಸು ಹಿಡಿದು ಕೊರೆದದ್ದು. ಪಂಪು, ಕರೆಂಟು ಏನೂ ಬೇಡ, ನೀರು ತಾನಾಗಿ ಹರಿದು ತೊಟ್ಟಿ ತುಂಬುತ್ತದೆ. ಈ ವಿದ್ಯೆ ನಮ್ಮ ವಿಟ್ಲ, ಕಾಸರಗೋಡಿನ ಕಡೆಯವರಿಗೇ ಮೀಸಲು ಎಂಬ ಹೆಮ್ಮೆ ನನ್ನೊಳಗಿತ್ತು. ಇವತ್ತು ಗಾಳಿ ಬಾವಿಯೊಂದರ ಬಾಯಲ್ಲಿ ಕೂತು ಟಾರ್ಚ್ ಹಾಕಿದಾಗ ಗೋಡೆಯ ಮೇಲೆ ಓರೆಯಾಗಿ ಇಳಿದ ಗುದ್ದಲಿಯ ಗೆರೆಗಳು ಕಂಡವು, ಗೆರೆಗಳ ನಡುವೆ ಹಸಿರು ಪಾಚಿ, ಪ್ರತಿ ತೂತಿನ ತುದಿಯಲ್ಲೂ ಬೀಳಲು ಸಿದ್ಧವಾದ ಒಂದು ಹನಿ. ಮೈ ಜುಮ್ಮೆಂದಿತು. ಎರಡು ಊರುಗಳ ನಡುವೆ ಎಷ್ಟು ದೂರ, ಕೈಯ ಕೆಲಸ ಒಂದೇ! ಇಂಥದ್ದರ ಸುತ್ತ ಮನೆ, ರಸ್ತೆ ಬೆಳೆಯುವಾಗ ಬಾವಿಯ ಬಾಯಿಗೆ ಕಸ ಸುರಿಯಬಾರದು. ಆರು ನೂರು ವರ್ಷದ ಹಿಂದಿನವರ ಬೆವರನ್ನು ಹಾಗೆ ಮುಚ್ಚಿಬಿಡುವುದು ಸರಿಯಲ್ಲ.

ಹತ್ತಿರದಲ್ಲೇ ಜೋಲು ಕಿವಿಯ ದೇವಣಿ ಹಸುವೊಂದು ಮಳೆಗೆ ಬೆನ್ನು ಕೊಟ್ಟು ಮೇಯುತ್ತಿತ್ತು. ಪುಸ್ತಕದಲ್ಲಿ ಓದಿದ ಉಬ್ಬಿದ ಹಣೆ, ಕಪ್ಪು ಬಿಳುಪು ಮಚ್ಚೆ ಎಲ್ಲ ಕಣ್ಣೆದುರಿಗೆ.

ಮರಳುವ ದಾರಿಯಲ್ಲಿ ಗೆಳತಿಯ ಚಿಕ್ಕಮ್ಮನ ಮನೆ. "ಬಾ ತಂಗಿ, ತಲೆ ಒರೆಸಿಕೋ" ಎಂದು ಟವೆಲು ಕೊಟ್ಟು, ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಮಂಗಳವಾರ ಪಂಚಮಿ; ಶೇಂಗಾ ಉಂಡಿ, ಎಳ್ಳಿನ ಉಂಡಿ ಆಗಲೇ ಡಬ್ಬಿ ತುಂಬಿವೆ. ನಮ್ಮಲ್ಲಿ ಆ ದಿನ ಅರಿಶಿನ ಎಲೆಯ ಕಡುಬು. ಎಲೆ ಇಲ್ಲಿ ಸಿಗುವುದಿಲ್ಲವಾದ್ದರಿಂದ ಈ ವರ್ಷ ಉಂಡಿಯೇ ನನ್ನ ಹಬ್ಬ.

ರಾತ್ರಿ ಅಪ್ಪನಿಗೆ ಕರೇಜಿನ ಫೋಟೋ ಕಳುಹಿಸಿದೆ. ತಕ್ಷಣ ಫೋನ್ ಬಂತು. ಎಷ್ಟು ಆಳ, ಹೂಳು ಯಾರು ತೆಗೆಯುತ್ತಾರೆ, ಏಪ್ರಿಲಿನಲ್ಲೂ ನೀರು ಇರುತ್ತದೆಯೇ? "ಮಳೆಗಾಲದಲ್ಲಿ ಎಲ್ಲ ಕಡೆಯೂ ನೀರೇ, ಬೇಸಗೆಯಲ್ಲಿ ಹೋಗಿ ನೋಡು ಮಗಳೇ" ಎಂದರು. ಹೋಗುತ್ತೇನೆ. ದೀಪಾವಳಿಗೆ ಗೆಳತಿ ನನ್ನ ಜೊತೆ ವಿಟ್ಲಕ್ಕೆ ಬರುವುದೆಂದು ತೀರ್ಮಾನವಾಗಿದೆ. ನಮ್ಮ ಸುರಂಗದಲ್ಲಿ ತಲೆ ಬಗ್ಗಿಸದೆ ನಡೆಯಬಹುದೇ, ಒಳಗೆ ಬಾವಲಿ ಇವೆಯೇ ಎಂದು ಅವಳು ಈಗಲೇ ವಿಚಾರಿಸುತ್ತಿದ್ದಾಳೆ.