ಮಗಳಿಗೆ ಲೇಯಾ ಅಂತ ಯಾಕೆ ಹೆಸರಿಟ್ಟೆ?

ನನ್ನ ಮಗಳ ಹೆಸರು ಲೇಯಾ. ಹೆಸರು ಕೇಳಿದವರೆಲ್ಲ ಮುಂದೆ ಕೇಳುವುದು ಒಂದೇ: "ಹಾಗಂದ್ರೆ ಏನರ್ಥ?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇದು ಹೀಬ್ರೂ ಹೆಸರು, ಬೈಬಲಿನಲ್ಲಿ ಬರುವ ಒಬ್ಬ ಹೆಣ್ಣಿನದು. ಲಾಮೆದ್, ಆಲೆಫ್, ಹೇ ಅಂತ ಮೂರು ಅಕ್ಷರ. ಆ ಭಾಷೆಯಲ್ಲಿ ದಣಿಯುವುದು ಅನ್ನುವುದಕ್ಕೂ ಇದೇ ಮೂರು ಅಕ್ಷರ, ಹಾಗಾಗಿ 'ದಣಿದವಳು' ಅಂತ ಅರ್ಥ ಹೇಳುವವರಿದ್ದಾರೆ. ಮೆಸೊಪೊಟೇಮಿಯಾದ ಪ್ರಾಚೀನ ಭಾಷೆಯಾದ ಅಕ್ಕಾಡಿಯನ್‌ನಲ್ಲಿ ಹಸುವಿಗೆ ಇದ್ದ ಪದದಿಂದ ಬಂತು ಅನ್ನುವ ವಿದ್ವಾಂಸರೂ ಇದ್ದಾರೆ. ಬೈಬಲಿನ ಆ ಲೇಯಾಳ ತಂಗಿ ರಾಹೇಲಳ ಹೆಸರಿಗೆ ಹೆಣ್ಣು ಕುರಿ ಅಂತ ಅರ್ಥ. ಕುರಿ ಕಾಯುವ ಮನೆತನ, ಅಕ್ಕ ಹಸು, ತಂಗಿ ಕುರಿ. ನನಗಂತೂ ಇದೇ ಸರಿ ಅನ್ನಿಸುತ್ತದೆ. ಹಸು ಅಂದ ಕೂಡಲೇ ಮುಖ ಸಿಂಡರಿಸುವವರಿದ್ದಾರೆ. ನಮ್ಮಲ್ಲಿ ಎಷ್ಟು ಜನ ನಂದಿನಿಯರಿಲ್ಲ? ನಂದಿನಿ ವಸಿಷ್ಠರ ಹಸು ಅಲ್ವಾ? ಅವರನ್ನು ಯಾರೂ ನಿಲ್ಲಿಸಿ ಅರ್ಥ ಕೇಳುವುದಿಲ್ಲ.

ಅರ್ಥ ಕೇಳುವವರಾದರೂ ಪರವಾಗಿಲ್ಲ. ಸತ್ಯವೇದ, ಅಂದರೆ ಬೈಬಲ್, ಓದಿದವರು ಕೇಳುವ ರೀತಿಯೇ ಬೇರೆ. ಮಗಳ ದೀಕ್ಷಾಸ್ನಾನದ ದಿನ ಊಟಕ್ಕೆ ಬಂದಿದ್ದ ದೂರದ ಸಂಬಂಧದ ದೊಡ್ಡಮ್ಮ ಒಬ್ಬರು, ಬಿರಿಯಾನಿ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. "ಏನಮ್ಮಾ, ಗಂಡನ ಪ್ರೀತಿ ಸಿಗದವಳ ಹೆಸರು ಇಟ್ಟಿದ್ದೀಯಲ್ಲ! ರಾಹೇಲ ಅಂತ ಇಡಬಾರದಿತ್ತಾ? ಅವಳು ಚೆಲುವೆ." ಮಗು ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು. ಬಿಳಿ ಫ್ರಾಕಿನ ತುಂಬಾ ಜೊಲ್ಲು. ಹುಟ್ಟಿ ಇನ್ನೂ ಕತ್ತು ನಿಂತಿಲ್ಲ, ಆಗಲೇ ಇದಕ್ಕೆ ಗಂಡನ ಪ್ರೀತಿಯ ಲೆಕ್ಕ! "ಮೊಸರು ಬಜ್ಜಿ ಹಾಕಿಸಿಕೊಳ್ಳಿ ದೊಡ್ಡಮ್ಮ" ಅಂದು ಸುಮ್ಮನಾದೆ. ಅವತ್ತು ಹೇಳಬೇಕಿದ್ದ ಉತ್ತರ ಈಗ ಹೇಳುತ್ತೇನೆ.

ಕಥೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 29ನೇ ಅಧ್ಯಾಯದಲ್ಲಿದೆ. ರಾಹೇಲಳಿಗಾಗಿ ಯಾಕೋಬ ಸೋದರಮಾವ ಲಾಬಾನನ ಹತ್ತಿರ 7 ವರ್ಷ ದುಡಿದ. ಮದುವೆಯ ರಾತ್ರಿ ಲಾಬಾನ ಒಳಗೆ ಕಳಿಸಿದ್ದು ದೊಡ್ಡ ಮಗಳನ್ನು. ಬೆಳಗಾದ ಮೇಲೆ ನೋಡಿದರೆ ಲೇಯಾ. ಮದುವೆಯ ವಾರ ಮುಗಿದ ಮೇಲೆ ರಾಹೇಲಳನ್ನೂ ಕೊಟ್ಟ, ಬದಲಿಗೆ ಇನ್ನೂ 7 ವರ್ಷದ ದುಡಿಮೆ. ಇಷ್ಟೆಲ್ಲ ಆಗುವಾಗ ಲೇಯಾಳನ್ನು ಯಾರೂ ಒಂದು ಮಾತು ಕೇಳಿದ ಹಾಗೆ ಕಾಣುವುದಿಲ್ಲ. ಅವಳ ಕಣ್ಣಿನ ಬಗ್ಗೆ ಮಾತ್ರ ಒಂದು ಮಾತಿದೆ. ಮೂಲದ ಪದಕ್ಕೆ ನೇರ ಅರ್ಥ 'ಮೃದು'. ಅನುವಾದಗಳಲ್ಲಿ ಅದು ಜಾಸ್ತಿ ಕಡೆ ಕುಂದಾಗಿಬಿಟ್ಟಿದೆ. ದೊಡ್ಡವಳಾದ ಇವಳನ್ನು ಯಾಕೋಬನ ಅಣ್ಣ ಏಸಾವನಿಗೇ ಕೊಡುತ್ತಾರೆ ಅಂತ ಜನ ಆಡಿಕೊಳ್ಳುತ್ತಿದ್ದರಂತೆ, ಅದನ್ನು ಕೇಳಿ ರೆಪ್ಪೆಗೂದಲು ಉದುರುವಷ್ಟು ಅತ್ತಳಂತೆ. ಹೀಗೆ ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ.

ಲೇಯಾ ಅಂದರೆ ಏನು ಅಂತ ಕೇಳುವ ಬದಲು, ಲೇಯಾ ಇಟ್ಟ ಹೆಸರುಗಳಿಗೆ ಏನರ್ಥ ಅಂತ ಯಾರಾದರೂ ಕೇಳಬಾರದಾ? ತನ್ನ ಹೆಸರನ್ನು ಅವಳು ಆರಿಸಿಕೊಂಡಿದ್ದಲ್ಲ. ಮಕ್ಕಳ ಹೆಸರು ಆರಿಸಿದ್ದು ಅವಳೇ. ಮೊದಲ ಮಗ ರೂಬೇನ್. 'ನೋಡಿ, ಮಗ' ಅಂತ ಅರ್ಥ. ದೇವರು ನನ್ನ ಕಷ್ಟ ನೋಡಿದ, ಈಗ ಗಂಡ ನನ್ನನ್ನು ಪ್ರೀತಿಸುತ್ತಾನೆ ಅಂದಳು. ಎರಡನೆಯವನು ಸಿಮೆಯೋನ. ನನ್ನನ್ನು ತಾತ್ಸಾರ ಮಾಡಿದ್ದು ದೇವರ ಕಿವಿಗೆ ಬಿತ್ತು ಅಂದಳು. ಮೂರನೆಯವನು ಲೇವಿ. ಈಗಲಾದರೂ ಗಂಡ ನನಗೆ ಹತ್ತಿರವಾಗುತ್ತಾನೆ ಅಂದಳು. ಒಬ್ಬೊಬ್ಬ ಮಗನನ್ನು ಕೂಗುವಾಗಲೂ ಅವಳ ಒಳಗಿನ ನೋವನ್ನೇ ಮನೆಯವರೆಲ್ಲ ಕೂಗಿ ಹೇಳಿದಂತೆ. ಯಾಕೋಬನೂ ಆ ಹೆಸರುಗಳನ್ನು ದಿನಾ ಕೂಗಿರಬೇಕಲ್ಲ.

ನಾಲ್ಕನೆಯವನು ಯೆಹೂದ. ಈ ಸಲ ಗಂಡನ ಸುದ್ದಿಯೇ ಇಲ್ಲ. ಈಗ ದೇವರನ್ನು ಸ್ತುತಿಸುತ್ತೇನೆ ಅಂದಳು, ಅಷ್ಟೇ. ಲೋಕ ಹುಟ್ಟಿದಾಗಿನಿಂದ ಲೇಯಾ ಬರುವ ತನಕ ಯಾರೂ ದೇವರಿಗೆ ವಂದನೆ ಹೇಳಿರಲಿಲ್ಲ ಎಂದು ತಾಲ್ಮುದ್‌ನಲ್ಲಿ ಒಬ್ಬ ರಬ್ಬಿಯ, ಅಂದರೆ ಯೆಹೂದ್ಯ ಧರ್ಮಗುರುವಿನ, ಮಾತಿದೆ. ಯೆಹೂದ್ಯರು ಅನ್ನುವ ಹೆಸರು ಬಂದದ್ದೂ ಈ ಮಗನಿಂದಲೇ. ಅರಸ ದಾವೀದ ಅವನ ವಂಶ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಬರುವುದೂ ಅವನ ಮೂಲಕ. ಮೋಶೆ, ಯಾಜಕನಾದ ಅವನ ಅಣ್ಣ ಆರೋನ ಲೇವಿಯ ಕುಲದವರು. ಅರಸರೂ ಯಾಜಕರೂ ಇವಳ ಹೊಟ್ಟೆಯ ಕಡೆಯವರು. ಇನ್ನು ಗಂಡ. ಐಗುಪ್ತದಲ್ಲಿ (ಈಜಿಪ್ಟ್) ಸಾಯುವಾಗ ಯಾಕೋಬ ನನ್ನನ್ನು ಮಕ್ಪೇಲದ ಗವಿಯಲ್ಲಿ ಹೂಳಿ ಅಂದ. ಅವನ ಅಜ್ಜ ಅಬ್ರಹಾಮ, ಅಜ್ಜಿ ಸಾರಾ, ಅಪ್ಪ ಇಸಾಕ, ಅಮ್ಮ ರೆಬೆಕ್ಕ ಇವರನ್ನು ಹೂಳಿದ್ದ ಗವಿ ಅದು. ಅಲ್ಲಿ ಅವನಿಗೆ ಜೊತೆಯಾದ ಹೆಂಡತಿ ಲೇಯಾ. ರಾಹೇಲಳ ಸಮಾಧಿ ಬೇತ್ಲೆಹೇಮಿನ ದಾರಿಯಲ್ಲಿ ಉಳಿಯಿತು.

ಆದರೆ ನಾನು ಹೆಸರಿಟ್ಟದ್ದು ವಂಶ ನೋಡಿಯೂ ಅಲ್ಲ, ಗವಿ ನೋಡಿಯೂ ಅಲ್ಲ. ಯೆಹೂದ ಹುಟ್ಟಿದ ಮೇಲೆ ಲೇಯಾ ಗಂಡನ ಆಸೆ ಬಿಟ್ಟು ನೆಮ್ಮದಿಯಾದಳು ಅಂತ ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಮುಂದಿನ ಅಧ್ಯಾಯ ಓದಿ. ಆರನೆಯ ಮಗ ಜೆಬುಲೂನ್ ಹುಟ್ಟಿದಾಗ ಇವಳು ಮತ್ತೆ ಅದೇ ಮಾತಿಗೆ ಬರುತ್ತಾಳೆ: ಆರು ಗಂಡುಮಕ್ಕಳನ್ನು ಹೆತ್ತೆನಲ್ಲ, ಇನ್ನು ಗಂಡ ನನ್ನ ಜೊತೆ ಬಾಳುತ್ತಾನೆ. ದೇವರನ್ನು ಮನಸಾರೆ ಸ್ತುತಿಸಿದವಳೂ ಅವಳೇ, ಮತ್ತೆ ಆಸೆಪಟ್ಟವಳೂ ಅವಳೇ. ಕಥೆ ಬರೆದವರು ಅವಳನ್ನು ಸಂತಳನ್ನಾಗಿ ಮಾಡಲು ಹೋಗಿ ಆ ಸಾಲನ್ನು ಅಳಿಸಲಿಲ್ಲ. ನನಗೆ ಲೇಯಾ ಇಷ್ಟವಾದದ್ದು ಆ ಸಾಲಿನಿಂದ. ಮಗಳು ದೊಡ್ಡವಳಾಗಿ ಕೇಳಿದರೆ ಯೆಹೂದನ ಕಥೆಯನ್ನೂ ಹೇಳುತ್ತೇನೆ, ಜೆಬುಲೂನನದನ್ನೂ ಹೇಳುತ್ತೇನೆ.