ಮನೆಯಲ್ಲಿ ಕಾರು ಇದ್ದೂ ಮುಂಬೈ ಹಡಗಿಗೆ ರೈಲಿನಲ್ಲಿ ಯಾಕೆ ಹೋಗ್ತೀರಿ?

ನಮ್ಮ ಮನೆ ಉಡುಪಿಯಲ್ಲಿ. ಅಂಗಳದಲ್ಲಿ ಕಾರು ಇದೆ, ನನಗೆ ಡ್ರೈವಿಂಗ್ ಬರುತ್ತದೆ. ಆದರೂ ಮುಂಬೈಯಿಂದ ಹೊರಡುವ ಪ್ರವಾಸಿ ಹಡಗು ಹತ್ತಬೇಕಾದಾಗ ನಾನು ರೈಲಿನಲ್ಲೇ ಹೋಗುತ್ತೇನೆ. ಯಾಕೆ ಅಂತ ಕೇಳದವರೇ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಸರಿಯಾಗಿ ಬರೆದುಬಿಡುತ್ತೇನೆ.

ಪ್ರಶ್ನೆಗಿಂತ ಕೇಳುವ ರೀತಿ ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಕುಂದಾಪುರದಲ್ಲಿ ಒಂದು ಮದುವೆ. ಊಟ ಮುಗಿದು ಬೀಡಾ ಹತ್ತಿರ ನಿಂತಿದ್ದೆವು. ದೂರದ ನೆಂಟರೊಬ್ಬರು ನಾಲ್ಕು ಜನಕ್ಕೆ ಕೇಳುವ ಹಾಗೆ, "ಎಂತ ಮಾರಾಯ್ರೆ, ಕಾರು ಮಾರಿದ್ರಾ?" ಅಂದರು. ನಮ್ಮ ಕಾರು ಹಾಲ್‌ನ ಹೊರಗೇ ನಿಂತಿತ್ತು, ಅವರ ಗಾಡಿಯ ಪಕ್ಕದಲ್ಲೇ. ಇನ್ನೊಬ್ಬರು ನನ್ನ ಅಮ್ಮನ ಕಡೆ ತಿರುಗಿ, "ಪಾಪ, ಈ ವಯಸ್ಸಲ್ಲಿ ನಿಮ್ಮನ್ನೂ ರೈಲಲ್ಲಿ ಕರ್ಕೊಂಡು ಹೋದ್ರಾ?" ಅಂದರು. ಅಮ್ಮ ಒಂದೇ ಮಾತು ಹೇಳಿದರು: "ಕಾರಲ್ಲಿ ನನಗೆ ಕಾಲು ನೀಡ್ಲಿಕ್ಕೆ ಆಗುದಿಲ್ಲ."

ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಆದರೂ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಆ ಪ್ರಶ್ನೆಯ ಹಿಂದೆ ಇರುವ ಲೆಕ್ಕ ನನಗೆ ಗೊತ್ತು. ಹಡಗಿಗೆ ಅಷ್ಟು ದುಡ್ಡು ಕೊಟ್ಟವರು ಅಲ್ಲಿಗೆ ಹೋಗಲು ಯಾಕೆ ಜುಗ್ಗತನ ಮಾಡುತ್ತಾರೆ ಅಂತ. ರೈಲು ಅಂದರೆ ಬೇರೆ ಗತಿ ಇಲ್ಲದವರದ್ದು ಅಂತ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಅದು ಶುದ್ಧ ತಪ್ಪು.

ಉಡುಪಿಯಿಂದ ಮುಂಬೈಗೆ ರಸ್ತೆಯಲ್ಲಿ ಹೆಚ್ಚು ಕಡಿಮೆ ಒಂಬೈನೂರು ಕಿಲೋಮೀಟರ್. ಕರಾವಳಿಯುದ್ದಕ್ಕೂ ಹೋಗುವ ಹೆದ್ದಾರಿ 66 ಹಿಡಿದರೆ ಕಾರವಾರ, ಗೋವಾ ದಾಟಿದ ಮೇಲೆ ಕೊಂಕಣದ ಘಟ್ಟಗಳು. ಮುಂಬೈ-ಗೋವಾ ರಸ್ತೆಯ ಅಗಲೀಕರಣ 2011ರಲ್ಲಿ ಶುರುವಾದದ್ದು. ಎಷ್ಟು ಗಡುವು ಬಂದು ಹೋಯಿತು ಅಂತ ಆ ಕಡೆಯ ಜನರನ್ನೇ ಕೇಳಿ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಮೇಲಿಂದ ಹೋದರೆ ರಸ್ತೆ ಚೆನ್ನಾಗಿದೆ, ಆದರೆ ಮೊದಲು ಘಟ್ಟ ಹತ್ತಬೇಕು, ಕೊನೆಗೆ ಮತ್ತೆ ಘಟ್ಟ ಇಳಿಯಬೇಕು. ಯಾವ ಕಡೆಯಿಂದ ಹೋದರೂ ಒಬ್ಬರೇ ಡ್ರೈವ್ ಮಾಡುವುದಾದರೆ ನಡುವೆ ಒಂದು ರಾತ್ರಿ ಮಲಗಲೇಬೇಕು. "ನಾನು ಒಂದೇ ಏಟಿಗೆ ಹೊಡೆದಿದ್ದೇನೆ" ಅನ್ನುವ ಗಂಡಸರು ಪ್ರತಿ ಮದುವೆಯಲ್ಲೂ ಸಿಗುತ್ತಾರೆ. ಹೊಡೆಯಲಿ. ನನಗೆ ರಜೆಯ ಮೊದಲ ದಿನ ಹಾಗೆ ಕಳೆಯುವುದು ಬೇಡ.

ಅದಿರಲಿ. ಕಷ್ಟಪಟ್ಟು ಮುಂಬೈ ಮುಟ್ಟಿದಿರಿ ಅಂತ ಇಟ್ಟುಕೊಳ್ಳಿ. ನೀವು ಹಡಗು ಹತ್ತುತ್ತೀರಿ. ಕಾರು? ಅದು ದಕ್ಷಿಣ ಮುಂಬೈಯಲ್ಲಿ ಎಲ್ಲೋ ಒಂದು ಕಡೆ ದುಡ್ಡು ತಿನ್ನುತ್ತಾ ನಿಂತಿರಬೇಕು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಲ್ಲ ಹಡಗುಗಳೂ ಹೊರಟಲ್ಲಿಗೇ ವಾಪಸ್ ಬರುವುದಿಲ್ಲ. ಕಾರ್ಡೀಲಿಯಾ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಓಡಾಟ ಶುರು ಮಾಡಿದ ಮೇಲೆ ಗೋವಾ, ಲಕ್ಷದ್ವೀಪದ ಪ್ರವಾಸಗಳ ಜೊತೆಗೆ ಮುಂಬೈಯಿಂದ ಕೊಚ್ಚಿಗೆ ಒಂದೇ ದಾರಿಯ ಪ್ರಯಾಣಗಳನ್ನೂ ಮಾಡಿದೆ. ನಮಗೆ ಕರಾವಳಿಯವರಿಗೆ ಅದೇ ಸರಿ. ಕೊಚ್ಚಿಯಲ್ಲಿ ಇಳಿದು, ಎರ್ನಾಕುಲಂನಿಂದ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಉಡುಪಿಯಲ್ಲಿ ಇಳಿಯಬಹುದು. ಕಾರು ಮುಂಬೈಯಲ್ಲಿದ್ದರೆ ಏನು ಮಾಡುತ್ತೀರಿ ಹೇಳಿ.

ರೈಲಿನ ಕಥೆ ಬೇರೆ. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ನಮ್ಮ ತೋಕೂರಿನವರೆಗೆ 741 ಕಿಲೋಮೀಟರ್. ನಾವು ಹಿಡಿಯುವುದು ಮತ್ಸ್ಯಗಂಧ ಎಕ್ಸ್‌ಪ್ರೆಸ್. ಮಧ್ಯಾಹ್ನ ಊಟ ಮಾಡಿ ಪಾತ್ರೆ ತೊಳೆದಿಟ್ಟು ಸ್ಟೇಷನ್‌ಗೆ ಹೋದರೆ ಸಾಕು. ಕುಂದಾಪುರ, ಬೈಂದೂರು, ಭಟ್ಕಳ ಎಲ್ಲ ಹಗಲಿನಲ್ಲೇ ದಾಟುತ್ತವೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲಿನಲ್ಲೇ ಅತಿ ಉದ್ದದ್ದು. ಆ ಹೊತ್ತಿಗೆ ಅಮ್ಮ ಕಿಟಕಿ ಬಿಟ್ಟು ಏಳುವುದಿಲ್ಲ. ಕಾರವಾರ ದಾಟಿದ ಮೇಲೆ ಬುತ್ತಿ ಬಿಚ್ಚಿ ಉಂಡು ಮಲಗುತ್ತೇವೆ. ರತ್ನಾಗಿರಿ, ಚಿಪ್ಳೂಣದ ಘಟ್ಟಗಳು, ಕಾರಿನಲ್ಲಿ ಹೋಗುವವರು ಸ್ಟೀರಿಂಗ್ ಬಿಗಿಹಿಡಿದು ಕೂರುವ ಜಾಗಗಳೆಲ್ಲ ನಮ್ಮ ನಿದ್ದೆಯಲ್ಲಿ ಹೋಗುತ್ತವೆ. ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ರೈಲಿನ ಶೌಚಾಲಯ ಹೇಗಿರುತ್ತದೆ ಅಂತ ಕೇಳುತ್ತಾರೆ. ಕೆಲವು ಸಲ ಚೆನ್ನಾಗಿರುವುದಿಲ್ಲ, ನಿಜ. ಆದರೆ ಇರುತ್ತದೆ. ಮೊಣಕಾಲು ನೋವಿರುವ, ಸಕ್ಕರೆ ಕಾಯಿಲೆಯ ಹೆಂಗಸನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ವಿಮಾನವೂ ಇದೆಯಲ್ಲ ಅನ್ನುವವರಿಗೆ: ಇದೆ. ಮಂಗಳೂರಿನ ಬಜ್ಪೆಯಿಂದ ಒಂದೂವರೆ ಗಂಟೆ. ಅವಸರ ಇದ್ದರೆ ಹೋಗಿ. ನಮಗೆ ಅವಸರ ಇರುವುದಿಲ್ಲ, ಸಾಮಾನು ಇರುತ್ತದೆ.

ನಿಜವಾಗಿ ಹೊರಡುವವರಿಗೆ ಬೇಕಾದ ಮಾತು ಬೇರೆ. ಹಡಗಿನ ಟಿಕೆಟ್ಟನ್ನು ಜನ ಆರು ತಿಂಗಳು ಮೊದಲೇ ತೆಗೆಯುತ್ತಾರೆ. ರೈಲಿನ ಟಿಕೆಟ್ ಹಾಗೆ ಸಿಗುವುದಿಲ್ಲ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಹಾಗಾಗಿ ಆ ಅರವತ್ತನೇ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಬೆಳಿಗ್ಗೆ ಬುಕಿಂಗ್ ತೆರೆಯುವ ಹೊತ್ತಿಗೆ ಕೂತುಬಿಡಬೇಕು. ಹಬ್ಬದ ಸಮಯದಲ್ಲಂತೂ ಮತ್ಸ್ಯಗಂಧದಲ್ಲಿ ಸೀಟು ಉಳಿಯುವುದಿಲ್ಲ. ಜೂನ್ ನಡುವಿನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲಿಗೆ ಮಳೆಗಾಲದ ಬೇರೆ ವೇಳಾಪಟ್ಟಿ ಇರುತ್ತದೆ, ಗಾಡಿಗಳು ನಿಧಾನ. ಮುಖ್ಯವಾಗಿ, ಹಡಗು ಹೊರಡುವ ದಿನ ಮುಂಬೈಗೆ ಬಂದು ಇಳಿಯಬೇಡಿ. ಒಂದು ದಿನ ಮೊದಲೇ ಬನ್ನಿ. ಹಡಗು ಹೊರಡುವ ಎಷ್ಟೋ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ, ನಿಮ್ಮ ರೈಲು ತಡವಾಯಿತು ಅಂತ ಯಾರೂ ಕಾಯುವುದಿಲ್ಲ. ಮುಂಬೈಯಲ್ಲಿ ಒಬ್ಬ ನೆಂಟನೂ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಾವು ಮಾಟುಂಗದಲ್ಲಿ ಉಳಿಯುತ್ತೇವೆ. ರಾತ್ರಿ ಊಟಕ್ಕೆ ರೈಲ್ವೆ ಸ್ಟೇಷನ್ ಹತ್ತಿರದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ರಾಮ ನಾಯಕರು 1942ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಬಾಳೆಲೆ ಹಾಕುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಜನ ಮತ್ತೆ ಆ ಒಂಬೈನೂರು ಕಿಲೋಮೀಟರ್ ಬಗ್ಗೆಯೇ ಕೇಳುತ್ತಾರೆ. ಅದು ಸುಲಭದ ಭಾಗ. ಕಷ್ಟ ಇರುವುದು ಕೊನೆಯ ಎರಡು ಕಿಲೋಮೀಟರ್‌ನಲ್ಲಿ. ಅದನ್ನು ಯಾರೂ ಕೇಳುವುದಿಲ್ಲ.

ಮುಂಬೈ ಬಂದರಿನ ಗೇಟುಗಳಿಗೆ ಬಣ್ಣದ ಹೆಸರು. ಗ್ರೀನ್ ಗೇಟ್, ಯೆಲ್ಲೋ ಗೇಟ್, ಆರೆಂಜ್ ಗೇಟ್, ರೆಡ್ ಗೇಟ್. ಪಿ. ಡಿ'ಮೆಲ್ಲೋ ರಸ್ತೆಯ ಒಂದು ಬದಿಗೆ ಬಂದರಿನ ಉದ್ದನೆಯ ಗೋಡೆ, ನಡುನಡುವೆ ಈ ಗೇಟುಗಳು. ಪ್ರವಾಸಿ ಹಡಗಿಗೆ ಬಲ್ಲಾರ್ಡ್ ಪಿಯರ್ ಕಡೆಯ ಗ್ರೀನ್ ಗೇಟ್‌ಗೆ ಹೋಗಬೇಕು. ಇದನ್ನು ನಾವು ಟ್ಯಾಕ್ಸಿ ಹತ್ತುವಾಗಲೇ ಹೇಳಿದ್ದೆವು. ಚಾಲಕ ನಮ್ಮನ್ನು ಯೆಲ್ಲೋ ಗೇಟ್ ಮುಂದೆ ಇಳಿಸಿ, ಬಂದರು ಇದೇ ಅಂತ ಹೇಳಿ ಹೋಗಿಬಿಟ್ಟ. ಎದುರಿಗೆ ಕಂಟೇನರ್ ಲಾರಿಗಳ ಸಾಲು. ಕಾವಲುಗಾರ ಒಳಗೆ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಬಿಸಿಲು ಏರಿತ್ತು. ಅಮ್ಮ ಸೂಟ್‌ಕೇಸಿನ ಮೇಲೆ ಕೂತರು. ಎರಡು ಕಿಲೋಮೀಟರ್ ಅಂದ ಕೂಡಲೇ ಟ್ಯಾಕ್ಸಿಗಳು ತಲೆ ಅಲ್ಲಾಡಿಸಿ ಮುಂದೆ ಹೋದವು. ಅಷ್ಟು ಹತ್ತಿರಕ್ಕೆ ಯಾರಿಗೂ ಬರಲು ಮನಸ್ಸಿಲ್ಲ. ಆ ಸಾಮಾನು ಎಳೆದುಕೊಂಡು, ಆ ಮೊಣಕಾಲಿನಲ್ಲಿ, ಲಾರಿಗಳ ನಡುವೆ ನಡೆಯುವುದು ಆಗದ ಮಾತು. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಒಂದು ಇಡೀ ರಾತ್ರಿ ರೈಲಿನಲ್ಲಿ ಬಂದಾಗ ಅಮ್ಮ ದಣಿದಿರಲಿಲ್ಲ. ಆ ಗೇಟಿನ ಮುಂದೆ ದಣಿದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಟ್ಯಾಕ್ಸಿಯವರಿಗೆ ಬರೀ ಬಂದರು ಅನ್ನಬೇಡಿ, ಕ್ರೂಸ್ ಅಂತಲೂ ಅನ್ನಬೇಡಿ. ಫೆರಿ ದೋಣಿಗಳು ಹೊರಡುವ ಭಾವೂಚಾ ಧಕ್ಕಾಗೋ ಗೇಟ್‌ವೇ ಆಫ್ ಇಂಡಿಯಾಕ್ಕೋ ಕರೆದುಕೊಂಡು ಹೋಗುವವರಿದ್ದಾರೆ. "ಬಲ್ಲಾರ್ಡ್ ಪಿಯರ್, ಗ್ರೀನ್ ಗೇಟ್" ಅಂತ ಹತ್ತುವಾಗಲೂ ಹೇಳಿ, ಇಳಿಯುವ ಮೊದಲೂ ಹೇಳಿ, ಫೋನಿನಲ್ಲಿ ಮ್ಯಾಪ್ ನೋಡುತ್ತಾ ಇರಿ. ಸಾಮಾನು ಕಡಿಮೆ ಇದ್ದು ಭಾನುವಾರವಾದರೆ ಹಾರ್ಬರ್ ಲೈನ್ ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ, ಅಂದರೆ ಹಳೆಯ ವಿ.ಟಿ. ಸ್ಟೇಷನ್‌ಗೆ, ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ವಾರದ ದಿನ ಬೆಳಿಗ್ಗೆ ಆ ಲೋಕಲ್‌ಗೆ ಪೆಟ್ಟಿಗೆ ಹಿಡಿದು ಹತ್ತುವ ಯೋಚನೆಯೇ ಬೇಡ.

ಬೇಸರ ಏನೆಂದರೆ, ಇದೇ ಬಲ್ಲಾರ್ಡ್ ಪಿಯರ್‌ನಲ್ಲಿ ಒಂದು ಕಾಲಕ್ಕೆ ರೈಲು ಹಡಗಿನ ಪಕ್ಕಕ್ಕೇ ಬರುತ್ತಿತ್ತು. ಬಲ್ಲಾರ್ಡ್ ಪಿಯರ್ ಮೋಲ್ ಅಂತ ಸ್ಟೇಷನ್ನೇ ಇತ್ತು. ಇಂಗ್ಲೆಂಡಿನಿಂದ ಟಪಾಲು ಹಡಗು ಬಂದಾಗ, 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಅಲ್ಲಿಂದಲೇ ಜನರನ್ನು ಹತ್ತಿಸಿಕೊಂಡು ಪೇಶಾವರದ ಕಡೆಗೆ ಹೊರಡುತ್ತಿತ್ತು. ಬ್ರಿಟಿಷ್ ಸಾಹೇಬರಿಗೆ ಹಡಗಿನಿಂದ ರೈಲಿಗೆ ನಾಲ್ಕು ಹೆಜ್ಜೆ. ಈಗ ಅಲ್ಲಿ ದೊಡ್ಡ ಹೊಸ ಕ್ರೂಸ್ ಟರ್ಮಿನಲ್ ಆಗಿದೆ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ಕೌಂಟರುಗಳಿಗೆ ಕೊಟ್ಟ ಗಮನವನ್ನು ಆ ಎರಡು ಕಿಲೋಮೀಟರ್‌ಗೂ ಕೊಡಬೇಕು. ಹಡಗು ಹೊರಡುವ ದಿನ ಸಿಎಸ್‌ಎಂಟಿಯ ಬಾಗಿಲಿನಿಂದ ಸಾಮಾನು ಇಡಲು ಜಾಗ ಇರುವ ಒಂದು ಬಸ್ಸು ಓಡಿಸಿದರೆ ಸಾಕು. ನಾವು ಹೋದಾಗ ಅಂಥದ್ದು ಕಾಣಲಿಲ್ಲ.

ಈಗ ನೀವು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಗೆ ಬರುತ್ತೇನೆ. ಹಡಗು ಹತ್ತಲು ಉಡುಪಿಯವರು ಮುಂಬೈಗೆ ಹೋಗುವುದೇ ಯಾಕೆ?

ನನ್ನ ಅಜ್ಜ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದದ್ದು ಹಡಗಿನಲ್ಲಿ. ಮಂಗಳೂರಿನ ಹಳೆ ಬಂದರಿನಿಂದ ದೋಣಿಯಲ್ಲಿ ಹೋಗಿ, ಹೊರಗೆ ಲಂಗರು ಹಾಕಿದ ಸ್ಟೀಮರ್ ಹತ್ತಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಅವರ ಕಾಲದ ಹುಡುಗರು ಎಷ್ಟೋ ಜನ ಹಾಗೇ ಹೋದವರು. ಅವರು ಮುಂಬೈ ಸೇರಲು ಹಡಗು ಹತ್ತುತ್ತಿದ್ದರು, ನಾವು ಹಡಗು ಹತ್ತಲು ಮುಂಬೈಗೆ ಹೋಗುತ್ತಿದ್ದೇವೆ. ಕೊಚ್ಚಿಗೆ ಹೊರಟ ಹಡಗು ಹತ್ತಿದರೆ ಇನ್ನೂ ವಿಚಿತ್ರ. ರಾತ್ರಿಯೆಲ್ಲ ರೈಲಿನಲ್ಲಿ ಉತ್ತರಕ್ಕೆ ಹೋಗಿರುತ್ತೇವೆ. ಅದೇ ದೂರವನ್ನು ಹಡಗು ದಕ್ಷಿಣಕ್ಕೆ ವಾಪಸ್ ತಂದು, ಕಾರವಾರ, ಮಲ್ಪೆ, ಮಂಗಳೂರಿನ ಮುಂದಿನ ಸಮುದ್ರದಲ್ಲೇ ಹಾದು ಕೊಚ್ಚಿಗೆ ಹೋಗುತ್ತದೆ. ಡೆಕ್ಕಿನ ಮೇಲೆ ನಿಂತು ಅಮ್ಮ, "ನಮ್ಮ ಮನೆ ಈಗ ಯಾವ ಕಡೆ?" ಅಂತ ಕೇಳಿದರು. ಎಡಗಡೆ ಅಂದೆ.

ನಮಗೆ ಬಂದರು ಇಲ್ಲವೇ? ಇದೆ. ಪಣಂಬೂರಿನ ನವ ಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದದ್ದು, ದೇಶದ ಪ್ರಮುಖ ಬಂದರುಗಳಲ್ಲಿ ಒಂದು. ಅಲ್ಲಿಗೆ ಪ್ರವಾಸಿ ಹಡಗುಗಳು ಬರುವುದಿಲ್ಲವೇ? ಬರುತ್ತವೆ. ಮಳೆಗಾಲ ಮುಗಿದ ಮೇಲೆ ವಿದೇಶಿ ಹಡಗುಗಳು ಬರುತ್ತವೆ. ಯಕ್ಷಗಾನ ವೇಷದವರು ಸ್ವಾಗತಿಸುವ ಫೋಟೋ ಪೇಪರಿನಲ್ಲಿ ನೀವೂ ನೋಡಿದ್ದೀರಿ. ಪ್ರವಾಸಿಗಳನ್ನು ಬಸ್ಸಿನಲ್ಲಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಅವರಿಗಾಗಿ ಲಾಂಜ್ ಇದೆ, ಇಮಿಗ್ರೇಶನ್ ಕೌಂಟರ್ ಇದೆ. ಸಂಜೆ ಹಡಗು ಹೊರಟುಹೋಗುತ್ತದೆ. ನಾವು ಪಣಂಬೂರು ಬೀಚಿನಲ್ಲಿ ನಿಂತು ಅದನ್ನು ನೋಡಬಹುದು, ಹತ್ತುವಂತಿಲ್ಲ.

ಹಾಗಂತ ನಾಳೆಯೇ ಮಂಗಳೂರಿನಿಂದ ಹಡಗು ಹೊರಡಬೇಕು ಅಂತ ನಾನು ಹೇಳುತ್ತಿಲ್ಲ. ಟಿಕೆಟ್ ತೆಗೆಯುವವರು ಇರಬೇಕು, ಕಂಪನಿಗೆ ಲೆಕ್ಕ ಕೂಡಿಬರಬೇಕು, ಅದು ಗೊತ್ತು. ಆದರೆ ಮುಂಬೈಯಿಂದ ಕೊಚ್ಚಿಗೋ ಲಕ್ಷದ್ವೀಪಕ್ಕೋ ಹೋಗುವ ಹಡಗು ತಿಂಗಳಿಗೊಮ್ಮೆ ಪಣಂಬೂರಿನಲ್ಲಿ ನಿಂತು ನಮ್ಮವರನ್ನು ಹತ್ತಿಸಿಕೊಳ್ಳಲಿ ಅಂತ ಕೇಳುವುದು ಅತಿಯಾಸೆಯಲ್ಲ. ಉಡುಪಿ, ಮಂಗಳೂರು, ಕಾಸರಗೋಡು, ಘಟ್ಟದ ಮೇಲಿನ ಹಾಸನ, ಚಿಕ್ಕಮಗಳೂರಿನವರೂ ಬರುತ್ತಾರೆ. ಕಾರು ಮಾರಿದ್ರಾ ಅಂತ ಕೇಳಿದ ಆ ನೆಂಟರೂ ಬರುತ್ತಾರೆ. ಇದನ್ನು ಬಂದರಿನವರಿಗೆ, ಸಂಸದರಿಗೆ, ಹಡಗಿನ ಕಂಪನಿಗಳಿಗೆ ನಾನು ಬರೆಯುತ್ತಲೇ ಇದ್ದೇನೆ. ನೀವೂ ಬರೆಯಿರಿ.

ಹಾಗೊಂದು ಹಡಗು ಬಂದರೆ ಆಗಲೂ ನಾನು ಕಾರು ತೆಗೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳು ಪಣಂಬೂರಿನ ಮೇಲಿಂದಲೇ ಹೋಗುತ್ತವೆ, ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಇರುತ್ತದೆ. ಸಾಮಾನು ಹಿಂದೆ ಹಾಕಿ, ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಂಡಕ್ಟರ್‌ಗೆ ಎರಡು ಪಣಂಬೂರು ಅನ್ನುತ್ತೇನೆ.